ಕಾವಿಗೆ ಕೂತ ಕೋಳಿಗೆ ಎಣ್ಣೆ ಹಚ್ಚಿದ್ದು

ಆ ಪಾಠಕ್ಕೆ ನಾನು ತೆತ್ತಿದ್ದು ಹದಿಮೂರು ಮೊಟ್ಟೆ, ಒಂದು ಒಳ್ಳೆ ಹುಂಜ, ಅರ್ಧ ಸೀಸೆ ಕೊಬ್ಬರಿ ಎಣ್ಣೆ. ಕಾರಣ ಇಷ್ಟೇ: ಕೋಳಿಗೆ ಹೇನು ಹತ್ತಿದಾಗ, ಮಕ್ಕಳ ತಲೆಗೆ ಮಾಡುವ ಮದ್ದನ್ನೇ ಅದಕ್ಕೂ ಮಾಡಿದೆ.

ಎಪ್ಪತ್ತರ ದಶಕದ ಕೊನೆ. ಹೊನ್ನವಳ್ಳಿ ಕಡೆಯ ತೋಟದ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಕೊಬ್ಬರಿ, ಹಾಲು, ರಾಗಿ ಎಲ್ಲ ಅತ್ತೆಯ ಕೈಯಲ್ಲಿ. ನನಗೆ ನನ್ನದು ಅಂತ ಒಂದು ವ್ಯವಹಾರ ಬೇಕಿತ್ತು. ತವರಿಂದ ತಂದ ಒಂದೇ ಒಂದು ಹ್ಯಾಟೆಯಿಂದ, ಅಂದರೆ ಹೆಣ್ಣುಕೋಳಿಯಿಂದ, ಏಳೆಂಟು ಕೋಳಿ ಮಾಡಿಕೊಂಡಿದ್ದೆ. ಆದರೆ ಹಿಂದಿನ ಸಲ ಹ್ಯಾಟೆ ಅರ್ಧ ಕಾವಿಗೇ ಎದ್ದುಹೋಗಿ ಮೊಟ್ಟೆಯೆಲ್ಲ ಕೆಟ್ಟಿದ್ದವು. ಈ ಸಲವೂ ಮರಿ ಏಳದಿದ್ದರೆ ಇದ್ದಬದ್ದ ಕೋಳಿಗಳನ್ನೆಲ್ಲ ವ್ಯಾಪಾರಿಗೆ ಹಿಡಿದುಕೊಟ್ಟು ಗೂಡು ಕೀಳಿಸುವುದಾಗಿ ಅತ್ತೆ ಹೇಳಿಬಿಟ್ಟಿದ್ದರು. ಅವರು ಹೇಳಿದ ಮೇಲೆ ಮಾಡುವವರೇ.

ಹ್ಯಾಟೆಯನ್ನು ಹದಿಮೂರು ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿದ್ದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ, ತೆಂಗಿನ ನಾರು ಹಾಸಿದ ಮಂಕರಿಯಲ್ಲಿ. ಮಧ್ಯಾಹ್ನದ ಹೊತ್ತು ಆ ಕೋಣೆ ಕೆರೆಯ ತಳದ ಹಾಗೆ ತಣ್ಣಗೆ, ಮಬ್ಬಾಗಿ ಇರುತ್ತಿತ್ತು. ಹೆಂಚಿನ ಸಂದಿಯಿಂದ ಇಳಿದ ಒಂದು ಬಿಸಿಲುಕೋಲಿನಲ್ಲಿ ದೂಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿತ್ತು. ಅಟ್ಟದಲ್ಲಿ ಇಲಿ ಓಡಿದರೆ ಒಣಗುತ್ತಿದ್ದ ಕಾಯಿಗಳು ಒಂದಕ್ಕೊಂದು ತಾಗಿ ಟೊಕ್ ಅನ್ನುತ್ತಿದ್ದವು. ಹ್ಯಾಟೆ ಅರೆಗಣ್ಣು ಮುಚ್ಚುತ್ತಿತ್ತು, ಗೋಡೆಗೊರಗಿದ ನನ್ನ ಕಣ್ಣೂ ಮುಚ್ಚುತ್ತಿತ್ತು. ಆ ಜೊಂಪಿನಲ್ಲಿ ಹದಿಮೂರು ಮರಿ ಬೆಳೆದು ನೂರಾಗಿ ತೋಟದ ನೆರಳುಬಿಸಿಲಲ್ಲಿ ಹರಡಿಕೊಳ್ಳುತ್ತಿದ್ದವು. ನಾನು ತಿಪಟೂರಿನ ಸಂತೆಯಲ್ಲಿ ಯಾರೊಂದಿಗೋ ಚೌಕಾಸಿಗೆ ನಿಂತಿರುತ್ತಿದ್ದೆ, ಕನಸಲ್ಲೂ ಬಿಟ್ಟುಕೊಡದೆ.

ಒಂದು ದಿನ ಆ ಜೊಂಪಿನಲ್ಲೇ ಮುಂಗೈ ಮೇಲೆ ಏನೋ ಹರಿದಂತಾಯಿತು. ನೋಡಿದರೆ ಹೇನು. ಹ್ಯಾಟೆ ಕೂತಲ್ಲಿ ಕೂರಲಾರದೆ ಮೈ ಕುಕ್ಕಿಕೊಳ್ಳುತ್ತಿತ್ತು. ರೆಕ್ಕೆ ಎತ್ತಿದೆ, ಪುಕ್ಕದ ಬುಡದಲ್ಲಿ ಹೇನಿನ ಮೊಟ್ಟೆ, ಸೀರು, ಅಕ್ಕಿನುಚ್ಚಿನ ಹಾಗೆ ಮೆತ್ತಿಕೊಂಡಿತ್ತು. ಹೋದ ಸಲ ಯಾಕೆ ಎದ್ದುಹೋಯಿತು ಅನ್ನುವುದು ಆಗ ತಿಳಿಯಿತು. ಮತ್ತೆ ಎದ್ದರೆ ನನ್ನ ಕಥೆ ಮುಗಿಯಿತು. ನಮ್ಮ ಕಡೆ ತಲೆನೋವಿಗೆ, ಸುಟ್ಟ ಗಾಯಕ್ಕೆ, ಹೇನಿಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ಕರ್ಪೂರ ಹಾಕಿ ಬೆಚ್ಚಗೆ ಮಾಡಿ, ಎದೆ ಹೊಟ್ಟೆ ರೆಕ್ಕೆಗೆಲ್ಲ ತಿಕ್ಕಿ ಹಚ್ಚಿದೆ. ಹ್ಯಾಟೆ ತೆಪ್ಪಗೆ ಕೂತಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಇಪ್ಪತ್ತೊಂದು ದಿನ ಕಳೆಯಿತು. ಇಪ್ಪತ್ತಮೂರೂ ಕಳೆಯಿತು. ಅಟ್ಟದ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಅಂತ ನಾವು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ, ಒಳಗೆ ನೀರಿದ್ದರೆ ಇನ್ನೂ ಬಿಡುತ್ತೇವೆ. ಅತ್ತೆ ಬಂದು ಒಂದು ಮೊಟ್ಟೆ ತೆಗೆದು ಹಾಗೇ ಅಲ್ಲಾಡಿಸಿದರು. ಗುಳುಗುಳು ಅಂತು.

"ಇನ್ನೂ ನೀರಾರಿಲ್ಲ ಕಣೇ," ಅಂದರು. "ಅಟ್ಟಕ್ಕಾಕು. ಬರೋ ವರ್ಷ ನೋಡಾನ."

ಮಾರನೆಯ ದಿನವೇ ಸೈಕಲ್ಲಿಗೆ ಮಂಕರಿ ಕಟ್ಟಿಕೊಂಡ ಕೋಳಿ ವ್ಯಾಪಾರಿಗೆ ಹೇಳಿ ಕಳಿಸಿದರು. ಅವನು ಬಂದು ಹ್ಯಾಟೆಯ ಎದೆ ಸವರಿದ, ಒಂದು ಮೊಟ್ಟೆಯ ಮೇಲೆ ಹೆಬ್ಬೆರಳು ಎಳೆದು ಮೂಸಿ, ಒಳಗೊಳಗೇ ನಕ್ಕ. ಆಮೇಲೆ ಹ್ಯಾಟೆಗೆ ಅರ್ಧ ಬೆಲೆ ಕೇಳಿದ. ಇವನಿಗೆ ಏನೋ ಗೊತ್ತಿದೆ ಅನ್ನಿಸಿತು. ಗೊತ್ತಿರುವವನ ಹತ್ತಿರ ಬೇಡಬಾರದು, ವ್ಯಾಪಾರ ಮಾಡಬೇಕು. ಅವನ ಕಣ್ಣು ಬಂದಾಗಿನಿಂದ ನನ್ನ ಎರಡು ಹುಂಜಗಳಲ್ಲಿ ದೊಡ್ಡದಾದ ಕೆಂಪು ಹುಂಜದ ಮೇಲೇ ಇತ್ತು.

"ಹುಂಜ ನೀವು ಕೇಳಿದ ರೇಟಿಗೇ ಕೊಡ್ತೀನಿ ಕಣಣ್ಣ," ಅಂದೆ. "ಮೊಟ್ಟೆ ಯಾಕೆ ಕೆಟ್ಟವು ಹೇಳಿ."

"ಮೊಟ್ಟೆಗೂ ಉಸಿರಾಡಕ್ಕೆ ಸಣ್ಣ ತೂತವೆ ಕಣಕ್ಕ. ನೀನು ಕೋಳಿಗೆ ಬಳಿದ ಎಣ್ಣೆಯೆಲ್ಲ ಅದಕ್ಕೆ ಮೆತ್ಕಂಡದೆ. ಒಳಗಿನ ಜೀವ ಎಲ್ಲಿ ಉಳ್ಕತದೆ?"

ನಾನೇ ಕೊಂದಿದ್ದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅತ್ತೆ ಒಳಗೆ ಹೋಗಿ ಎಣ್ಣೆ ಸೀಸೆ ಎತ್ತಿಕೊಂಡು ಬಂದರು. ಆಮೇಲೆ, "ಇನ್ನೊಂದು ಕಾವು ನೋಡು. ಎಣ್ಣೆ ಸೀಸೆ ಮಾತ್ರ ನನ್ನತ್ರ ಇರ್ಲಿ ಬುಡು," ಅಂದರು.

ಹುಂಜವನ್ನು ಮಂಕರಿಗೆ ಹಾಕಿಕೊಳ್ಳುತ್ತ ವ್ಯಾಪಾರಿ ಹೇನಿಗೆ ಏನು ಮಾಡಬೇಕು ಅಂತಲೂ ಹೇಳಿಕೊಟ್ಟ. ಅವನು ಹೇಳಿದ ಹಾಗೆ ಹಳೆ ನಾರನ್ನು ಮಂಕರಿ ಸಮೇತ ಸುಟ್ಟೆ. ಗೂಡಿಗೆ ಕುದಿಯುವ ನೀರು ಹುಯ್ದು, ಒಣಗಿದ ಮೇಲೆ ಸುಣ್ಣ ಬಳಿದೆ. ಒಲೆಯ ಬೂದಿ ಜರಡಿ ಹಿಡಿದು, ನುಣ್ಣನೆ ಮಣ್ಣು ಬೆರೆಸಿ, ತೆಂಗಿನ ಬುಡದ ಒಂದು ಗುಂಡಿಗೆ ತುಂಬಿದೆ. ಇಳಿಹೊತ್ತಿನಲ್ಲಿ ಕೋಳಿಗಳು ಅದರಲ್ಲಿ ಹೊರಳಾಡಿದರೆ ಬೂದಿ ಮಂಜಿನಂತೆ ಏಳುತ್ತಿತ್ತು, ಗರಿಗಳ ನಡುವಿನ ಬಿಸಿಲು ಅದರೊಳಗೆ ಕರಗುತ್ತಿತ್ತು. ಮಂಜಿನಲ್ಲಿ ಒಂದು ರೆಕ್ಕೆ, ಒಂದು ಕೆಂಪು ಜುಟ್ಟು ಕಂಡು ಮರೆಯಾಗುತ್ತಿದ್ದವು. ನೋಡುತ್ತ ಕೂತರೆ ಒಲೆಯ ಮೇಲಿನ ಸಾರು ಮರೆತುಹೋಗುತ್ತಿತ್ತು.

ಹ್ಯಾಟೆ ಮತ್ತೆ ಮೊಟ್ಟೆಯಿಟ್ಟು ಕಾವಿಗೆ ಬಂದಾಗ ಬೇವಿನ ಸೊಪ್ಪಿನ ಮೇಲೆ ಹೊಸ ಹುಲ್ಲು ಹಾಸಿ ಹನ್ನೊಂದು ಇಟ್ಟೆ. ಮೇವಿಗೆ ಎದ್ದದ್ದು ಬಿಟ್ಟರೆ ಹ್ಯಾಟೆ ಗೂಡು ಬಿಡಲಿಲ್ಲ. ಒಂಬತ್ತು ಮರಿ ಎದ್ದವು. ಅತ್ತೆ ನಾನು ಕೇಳದೆಯೇ ಬೊಗಸೆ ನುಚ್ಚು ತಂದು ಸುರಿದರು. ಗೂಡು ಕೀಳುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ನೀವೂ ನಾಲ್ಕು ಕೋಳಿ ಸಾಕುವವರಾದರೆ, ಕಾವಿಗೆ ಕೂರಿಸುವ ಮೊದಲೇ ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಪುಕ್ಕ ಬಿಡಿಸಿ ನೋಡಿ. ಹೇನಿದ್ದರೆ ಕೋಳಿಗೆ ಬೂದಿ, ಗೂಡಿಗೆ ಕುದಿನೀರು ಸುಣ್ಣ, ಎರಡನ್ನೂ ಒಂದೇ ದಿನ ಮಾಡಿ. ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಮಾಡಿದ್ದು ದಂಡ. ಬೂದಿ ಆರಿರಲಿ, ಒಣಗಿರಲಿ, ನೆನೆದರೆ ಮೈ ಸುಡುತ್ತದೆ. ಹತ್ತು ದಿನ ಬಿಟ್ಟು ಎಲ್ಲವನ್ನೂ ಇನ್ನೊಮ್ಮೆ ಮಾಡಿ, ಅಷ್ಟರಲ್ಲಿ ಉಳಿದ ಸೀರು ಒಡೆದಿರುತ್ತದೆ. ಆ ಎರಡನೆಯ ಸಲಕ್ಕೆ ಸೋಮಾರಿತನ ಮಾಡಬೇಡಿ.