ಗಾಡಿ ಹೊಡಿ

"ನೀವೇ ಹೊಡೀತೀರೇನ್ರಿ?"

ಹುಮನಾಬಾದಿನ ಬಾಡಿಗೆ ಮನೆಯ ಒಡತಿ ಶರಣಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಪಕ್ಕದಲ್ಲೇ ಹೆಂಡತಿ, ಆರು ವರ್ಷದ ಮಗಳು ನಿಂತಿದ್ದರು. "ನಮ್ಮನೇಲಿ ಯಾರಿಗೂ ಹೊಡೆಯಲ್ಲಮ್ಮ" ಎಂದೆ. ಆಕೆ ನನ್ನ ಸ್ಕೂಟರಿನತ್ತ ಕೈ ಮಾಡಿ, "ಮತ್ತ ಇದನ್ನ ಹೆಗಲ ಮ್ಯಾಲೆ ಹೊತ್ತು ತಂದೀರೇನು?" ಎಂದರು.

ಮೈಸೂರಿನಲ್ಲಿ ಗಾಡಿ ಓಡಿಸುತ್ತೇವೆ, ಇಲ್ಲಿ ಹೊಡೆಯುತ್ತಾರೆ. ಜೋಳದ ರೊಟ್ಟಿ ಒಂದು ವಾರದಲ್ಲಿ ಒಗ್ಗಿತು. ಈ ಪದ ಮಾತ್ರ ಒಬ್ಬರ ನೌಕರಿಯನ್ನೇ ನುಂಗುವುದರಲ್ಲಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಸುದ್ದಿವಾಹಿನಿಯೊಂದರ ವರದಿಗಾರ. ಬಾಡಿಗೆ ಜೀಪಿನ ಚಾಲಕ ಮಹಾಂತಪ್ಪ ಹೆದ್ದಾರಿಯ ತಪಾಸಣೆಗಳಿಂದ ಬೇಸತ್ತು, ನನ್ನ ಕ್ಯಾಮೆರಾವನ್ನು ಸ್ಟೀರಿಂಗ್ ಮುಂದಿನ ಹಲಗೆಗೆ ಬಿಗಿದು ಕಟ್ಟಿದ್ದ. "ಇರ್ಲಿ ಸಾಹೇಬ್ರ, ಸಾಕ್ಷಿ ಆಗ್ತದ."

ಒಂದು ಮಧ್ಯಾಹ್ನ ಬಸವಕಲ್ಯಾಣದಿಂದ ಮರಳುವಾಗ ಪೇದೆ ಶಿವರಾಜ ಜೀಪು ನಿಲ್ಲಿಸಿ ಕಾಗದ ನೋಡಿದರು. ಹಿಂದೆ ಕಬ್ಬಿನ ಲಾರಿಗಳು ಹಾರ್ನ್ ಬಾರಿಸುತ್ತಿದ್ದವು. "ಹೊಡಿ ಹೊಡಿ, ಜೋರ್ ಹೊಡಿ!" ಎಂದು ಲಾಠಿಯಿಂದ ಬಾನೆಟ್ ಮೇಲೆ ಧಡ್ಡನೆ ಬಡಿದು ಕಳಿಸಿದರು. ಅಷ್ಟೇ.

ಹಲಗೆಯ ಮೇಲಿನ ಕ್ಯಾಮೆರಾ ಓಡುತ್ತಲೇ ಇತ್ತು; ಬೇರೆ ಸುದ್ದಿಯ ಜೊತೆ ಅದೇ ಟೇಪು ಬಸ್ಸಿನಲ್ಲಿ ಬೆಂಗಳೂರಿಗೆ ಹೋಯಿತು. ಮರುದಿನ ಸಂಜೆ ತೆರೆಯ ಮೇಲೆ: 'ಚಾಲಕನಿಗೆ ಹೊಡೆಯಲು ಪೊಲೀಸ್ ಆದೇಶ'. ಚಿತ್ರದಲ್ಲಿದ್ದದ್ದು ಆಕಾಶ, ಬಾನೆಟ್ಟಿನ ತುದಿ. ಉಳಿದದ್ದೆಲ್ಲ ಸದ್ದು.

"ಮಹಾಂತಪ್ಪ ಮಾಮಂಗೆ ಹೊಡೆದ್ರಾ?" ಎಂದಳು ಮಗಳು. ಕಾರ್ಟೂನ್ ಚಿತ್ರವೊಂದರಲ್ಲಿ ಆನೆಮರಿಯ ತಾಯಿ ಹೊಳೆಯಲ್ಲಿ ಕೊಚ್ಚಿಹೋದಾಗ ಅವಳು ಎರಡು ದಿನ ಊಟ ಬಿಟ್ಟಿದ್ದಳು. ಅದು ಬರೆದ ಚಿತ್ರ, ನಿಜವಲ್ಲ ಎಂದು ಸಮಾಧಾನ ಮಾಡಿದ್ದೆ. ಈಗ ಕೇಳಿದಳು: "ಇದೂ ಬರ್ದಿದ್ದಾ ಅಪ್ಪಾ?"

ಬೆಂಗಳೂರಿನ ಕಚೇರಿಗೆ ಫೋನು ಮಾಡಿ, ಪೇದೆ ಹೇಳಿದ್ದು ಗಾಡಿ ಓಡಿಸಲು ಎಂದೆ. ಡೆಸ್ಕಿನ ಮುಖ್ಯಸ್ಥ ಮೈಸೂರಿನವನೇ. "ಶಬ್ದ ಸ್ಪಷ್ಟವಾಗಿದೆ ಕಣಯ್ಯ. ಕನ್ನಡ ನಮಗೂ ಬರುತ್ತೆ. ನೀನು ಆ ಕಡೆಯವನೇ ಆಗ್ಬಿಟ್ಟೆ" ಎಂದು ಇಟ್ಟುಬಿಟ್ಟ.

ಬೆಳಿಗ್ಗೆ ಶಿವರಾಜ ಮನೆಗೆ ಬಂದರು. ಸುದ್ದಿ ನೋಡಿ ಬೆಂಗಳೂರಿನಿಂದಲೇ ಅಮಾನತಿನ ಆದೇಶ ಬಂದಿತ್ತು. "ಗಾಡಿ ಹೊಡಿ ಅಂದೇನ್ರಿ ಸಾಹೇಬ್ರ, ಮನಷಾರಿಗೆ ಅಲ್ಲ. ಊರ ಮಂದಿ ನಗಾಕತ್ತಾರ, ಹೆಂಡ್ತಿ ಅಳಾಕತ್ತಾಳ." ಹಿಂದೆಯೇ ಬಂದ ಮಹಾಂತಪ್ಪ ತಲೆ ಚಚ್ಚಿಕೊಂಡ: "ನನಗ ಒಂದು ಏಟೂ ಬಿದ್ದಿಲ್ರಿ. ಬಿದ್ದದ್ದು ಬಾನೆಟ್ಟಿಗೆ. ಅದಕ್ಕ ಇಲ್ಲದ ಸಂಕಟ ಬೆಂಗಳೂರಿಗ್ಯಾಕ?"

ಮೂವರೂ ಶಿವರಾಜರ ಮೇಲಧಿಕಾರಿಯ ಬಳಿ ಹೋದೆವು. ಈ ಸೀಮೆಯಲ್ಲಿ 'ಹೊಡಿ' ಎಂದರೆ 'ಓಡಿಸು' ಎಂದು ಬರೆದುಕೊಟ್ಟೆ. ಅವರು ಓದಿ ನನ್ನನ್ನೇ ನೋಡಿದರು. "ನಮ್ಮ ಮಾತಿನ ಅರ್ಥ ನಮಗ ನೀವು ಹೇಳ್ತೀರೇನ್ರಿ? ನೀವು ಈ ಕಡಿಯವ್ರಲ್ಲಲ್ಲ."

"ಅಲ್ಲ ಸರ್. ತಪ್ಪು ತಿಳಿದವರ ಕಡೆಯವನು. ಅದಕ್ಕೇ ಬರೆದೆ."

ಮಹಾಂತಪ್ಪನ ಹೇಳಿಕೆಯೂ ದಾಖಲಾಯಿತು. ಹದಿನೆಂಟನೆಯ ದಿನ ಶಿವರಾಜ ಕೆಲಸಕ್ಕೆ ಮರಳಿದರು. ವಾಹಿನಿಯ ತಿದ್ದುಪಡಿ ಒಂದೇ ಸಾಲು. ಅದೂ ಹವಾಮಾನದ ನಂತರ.

ಆ ಬೇಸಿಗೆ ಮೈಸೂರಿನಲ್ಲಿ ಭಾವನ ಕಾರಿನಲ್ಲಿದ್ದೆವು. ಹಸಿರು ದೀಪ ಬಂದರೂ ಅವರು ಹೊರಡಲಿಲ್ಲ. "ಹೊಡೀರಿ ಭಾವ!" ಎಂದುಬಿಟ್ಟೆ. ಕಾರಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು.

"ಓಡ್ಸಿ ಅಂತಿದಾರೆ ಮಾಮ" ಎಂದು ಮಗಳು ಸಮಾಧಾನ ಹೇಳಿದಳು. "ಅಪ್ಪ ಆ ಕಡೆಯವರು."