ಮೂರನೆಯ ಹಾರನ್

ನಾಶಿಕದ ಯಾವ ಶಾಲೆಯಲ್ಲೂ ನನ್ನ ಹೆಸರಿಲ್ಲದೆ, ಜಿಲ್ಲೆಯ ಅರ್ಧ ಶಾಲೆಗಳನ್ನು ನಾನು ನೋಡಿ ಮುಗಿಸಿದ ದಿನಗಳವು. ನನಗಾಗ ಒಂಬತ್ತು ವರ್ಷ. ಆ ಮಳೆಗಾಲದಲ್ಲಿ ಭಾಲ್ಕಿಯಲ್ಲಿ ಅವ್ವ ತೀರಿಕೊಂಡಿದ್ದಳು. ದೀಪಾವಳಿ ಕಳೆದ ಮೇಲೆ ಅಪ್ಪ ನನ್ನನ್ನು ನಾಶಿಕದ ಸಾತಪುರದಲ್ಲಿದ್ದ ತನ್ನ ಒಂದೇ ಖೋಲಿಯ ಮನೆಗೆ ಕರೆತಂದ. ಮರಾಠಿ ಬರೆಯಲು ಬರದ ಹುಡುಗಿಯನ್ನು ವರ್ಷದ ನಡುವೆ ಸೇರಿಸಿಕೊಳ್ಳುವುದಿಲ್ಲ, ಜೂನಿಗೆ ಬನ್ನಿ ಎಂದರು ಶಾಲೆಯವರು. ಜೂನ್ ತನಕ ನನ್ನನ್ನು ಎಲ್ಲಿಡುವುದು? ಅಕ್ಕಪಕ್ಕದವರೆಲ್ಲ ಕಾರ್ಖಾನೆಯ ಶಿಫ್ಟಿಗೆ ಹೋಗುವವರು. ಅಪ್ಪ ವ್ಯಾನ್ ಡ್ರೈವರ್. ಹೀಗಾಗಿ ನನ್ನನ್ನೂ ವ್ಯಾನಿನಲ್ಲೇ ಹಾಕಿಕೊಂಡು ತಿರುಗಿದ.

ಆ ಚಳಿಗಾಲ ಅಪ್ಪನ ವ್ಯಾನಿಗೆ ಒಂದೇ ಕೆಲಸ. ಮಕ್ಕಳಿಗಾಗಿ ಬರೆಯುವ ಇಬ್ಬರನ್ನು ಶಾಲೆ, ಗ್ರಂಥಾಲಯ ಎಂದು ಊರೂರು ಸುತ್ತಿಸುವುದು. ಒಬ್ಬರು ಕವಿ, ಕಡ್ಡಿಯಂಥ ಮೈ, ಗುಡುಗಿನಂಥ ದನಿ, ಬಾಯಲ್ಲಿ ಸದಾ ಲವಂಗ. ಅವರನ್ನು ಕಾಕಾ ಎನ್ನುತ್ತಿದ್ದೆ. ಇನ್ನೊಬ್ಬರು ಕಥೆ ಹೇಳುವ ಹೆಂಗಸು, ಅವರು ನನಗೆ ಮಾವಶಿ, ಎಂದರೆ ಚಿಕ್ಕಮ್ಮ. ಗಾಡಿ ಹತ್ತಿದರೆ ಹೊಟ್ಟೆ ತೊಳೆಸುತ್ತದೆಂದು ಕೈಯಲ್ಲೊಂದು ನಿಂಬೆಹಣ್ಣು ಹಿಡಿದೇ ಇರುತ್ತಿದ್ದರು. ಹೊಸ ಪುಸ್ತಕದ ಅಂಟು, ನಿಂಬೆ, ಡೀಸೆಲ್, ಈ ಮೂರೂ ಸೇರಿದ ವಾಸನೆ ಇವತ್ತಿಗೂ ನನಗೆ ಒಂಟಿತನದ ವಾಸನೆಯೇ.

ಒಳಗೆ ಕಾರ್ಯಕ್ರಮ ನಡೆಯುವಾಗ ನಾನು ಶಾಲೆಯ ಜಗಲಿಯಲ್ಲಿ ಐದು ಕಲ್ಲಿನ ಆಟ ಆಡುತ್ತಿದ್ದೆ. ಬಲಗೈ ನಾನು, ಎಡಗೈ ನನ್ನ ಗೆಳತಿ. ಪಾಪ, ಎಡಗೈ ಯಾವಾಗಲೂ ಸೋಲುತ್ತಿತ್ತು. ಮಧ್ಯಾಹ್ನ ಅಪ್ಪ ತಟ್ಟಿದ ರೊಟ್ಟಿ, ಶೇಂಗಾ ಹಿಂಡಿ. ಅವ್ವನ ರೊಟ್ಟಿ ಹಾಳೆಯಂತಿರುತ್ತಿತ್ತು. ಅಪ್ಪನದು ನಡುವೆ ದಪ್ಪ, ಅಂಚಿಗೆ ಸೀದದ್ದು. "ಉಣ್ಣವ್ವಾ, ನಾಳಿ ಛಲೋ ಮಾಡ್ತೀನಿ" ಎನ್ನುತ್ತಿದ್ದ. ಆ ನಾಳೆ ಬರಲೇ ಇಲ್ಲ.

ಮೊದಲ ದಿನ ದಿಂಡೋರಿಗೆ ಹೊರಟಿದ್ದೆವು. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ. ಕಾಕಾ ಹಿಂದೆ ತಿರುಗಿ ಮರಾಠಿಯಲ್ಲಿ ನನ್ನ ಹೆಸರು ಕೇಳಿದರು. ಮರಾಠಿ ನನಗೆ ಅರ್ಥವಾಗುತ್ತಿತ್ತು. ಭಾಲ್ಕಿಯಲ್ಲಿ ಅದು ಕಿವಿಗೆ ಬೀಳದ ಮನೆ ಯಾವುದಿದೆ?

"ಕಾಶೀಬಾಯಿ."

"ಕಾಶಿ. ಎರಡಕ್ಷರ. ಹಾಡಿನಲ್ಲಿ ಚೆನ್ನಾಗಿ ಕೂರುತ್ತದೆ" ಎಂದು ಹಾಡಿಯೇಬಿಟ್ಟರು. ಮಕ್ಕಳೆಲ್ಲ ಬಸ್ಸಿನಲ್ಲಿ ಕೂತಿದ್ದಾರೆ. ಡ್ರೈವರ್ ಒಂದು ಹಾರನ್ ಹೊಡೆಯುತ್ತಾನೆ, ಎರಡು ಹೊಡೆಯುತ್ತಾನೆ, ಮೂರು ಹೊಡೆಯುತ್ತಾನೆ. ಬಸ್ಸು ಅಲುಗುವುದಿಲ್ಲ. ಯಾಕೆ? ಕಾಶಿ ಇನ್ನೂ ಬಂದಿಲ್ಲ, ಗಾಡಿ ಹೇಗೆ ಹೊರಟೀತು?

ಒಂದಿಡೀ ಬಸ್ಸು ನನಗಾಗಿ ಕಾಯುತ್ತಿದೆ! ಅವ್ವ ಹೋದ ಮೇಲೆ ನನ್ನ ದಾರಿ ನೋಡುವವರು ಯಾರಿದ್ದರು? ದಿಂಡೋರಿ ಬರುವಷ್ಟರಲ್ಲಿ ಹಾಡು ಬಾಯಿಪಾಠವಾಗಿತ್ತು.

ದಿಂಡೋರಿಯ ಶಾಲೆಯಲ್ಲಿ ಕಾಕಾ ಮುಂದಿನ ಸಾಲಿನ ಹುಡುಗಿಯ ಹೆಸರು ಕೇಳಿದರು. ಹಾಡು ಶುರುವಾಯಿತು. ಮೀನಾ ಇನ್ನೂ ಬಂದಿಲ್ಲ, ಗಾಡಿ ಹೇಗೆ ಹೊರಟೀತು? ಮರುದಿನ ಸಿನ್ನರಿನಲ್ಲಿ ಪ್ರಾಜಕ್ತಾ ಎಂಬವಳನ್ನು 'ಪ್ರಾಜು' ಎಂದು ಕತ್ತರಿಸಿ ಕೂರಿಸಿದರು. ಅದು ಅವರ ಪದ್ಧತಿ, ಪ್ರತಿ ಊರಿನಲ್ಲೂ ಒಂದು ಹೆಸರು. ನನಗೆ ಹೊಟ್ಟೆ ಉರಿದುಹೋಯಿತು.

"ಅಪ್ಪಾ, ಅದು ನನ್ನ ಹಾಡು. ಎಲ್ಲಾರಿಗೂ ಕೊಡ್ಲಾಕತ್ತಾರ."

"ಅವ್ರ ಕೆಲಸಾನೇ ಅದು ಅವ್ವಾ. ನಾವು ಗಾಡಿ ಹೊಡ್ಯಾವ್ರು. ನಡುವ ಬಾಯಿ ಹಾಕಬಾರ್ದು."

ಹಾಕಲಿಲ್ಲ. ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಕೇಳಿದೆ. ಕೊನೆಯ ಕಾರ್ಯಕ್ರಮ ಈಗಿನ ಸಂಭಾಜಿನಗರದಲ್ಲಿ, ಆಗ ನಮ್ಮ ಬಾಯಲ್ಲಿ ಔರಂಗಾಬಾದು. ಮಕ್ಕಳ ಗ್ರಂಥಾಲಯವೊಂದರ ಸಭಾಂಗಣ. ಕೊನೆಗೊಮ್ಮೆ ಎಲ್ಲರೆದುರು ನನ್ನ ಹೆಸರು ಬರಲೇಬೇಕು ಎಂದು ಹಟ ಹಿಡಿದೆ. ಎಣ್ಣೆ ಹಚ್ಚಿ, ರಿಬ್ಬನ್ ಕಟ್ಟಿಕೊಂಡು, ಯುನಿಫಾರ್ಮಿನ ಮಕ್ಕಳ ನಡುವೆ ಮುಂದಿನ ಸಾಲಿನಲ್ಲೇ ಕೂತೆ. "ಯಾರ ಹೆಸರು ಹಾಕೋಣ?" ಎಂದರು ಕಾಕಾ. ಎಲ್ಲರಿಗಿಂತ ಮೊದಲು ಎದ್ದು ನಿಂತೆ.

ಅಲ್ಲಿನ ಶಿಕ್ಷಕಿ ನನ್ನ ರಟ್ಟೆ ಹಿಡಿದು, "ನೀನು ನಮ್ಮ ಶಾಲೆಯವಳಲ್ಲವಲ್ಲ?" ಎಂದರು.

ಕಾಕಾ ನಕ್ಕರು. ಕೆಟ್ಟ ನಗುವಲ್ಲ, ಆಣೆಗೂ ಅಲ್ಲ. "ಅವಳು ನಮ್ಮ ಡ್ರೈವರಣ್ಣನ ಮಗಳು. ಅವಳಿಲ್ಲದೆ ನಮ್ಮ ಗಾಡಿ ಹೊರಡುವುದೇ ಇಲ್ಲ!" ಮಕ್ಕಳೆಲ್ಲ ಗೊಳ್ಳೆಂದರು. ಹಾಡು ಇನ್ಯಾರದೋ ಪಾಲಾಯಿತು.

ಹೌದಾ? ಹೊರಡುವುದೇ ಇಲ್ಲವಾ? ನೋಡಿಯೇಬಿಡೋಣ ಎಂದು ಗ್ರಂಥಾಲಯದ ಹಿಂದೆ ನೀರಿನ ಟಾಕಿಯ ಮರೆಯಲ್ಲಿ ಹೋಗಿ ಕೂತೆ. ಕಾರ್ಯಕ್ರಮ ಮುಗಿಯಿತು, ಗಲಾಟೆ ಕರಗಿತು. ಹಾರನ್ ಕೇಳಿಸಿತು, ಒಂದು. ಟಾಕಿಗೆ ಇನ್ನಷ್ಟು ಒತ್ತಿಕೊಂಡೆ. ಎರಡು. ಮೂರನೆಯದಾದ ಮೇಲೆ ಅಪ್ಪ ಇಳಿದು, ಕಾಶೀ ಎಂದು ಕೂಗುತ್ತ ಬರುತ್ತಾನೆ ಅಂದುಕೊಂಡೆ. ಮೂರನೆಯದೂ ಆಯಿತು. ಗಾಡಿ ಹೊರಟ ಸದ್ದು ಬಂತು.

ಗೇಟಿಗೆ ಓಡಿ ಬರುವಷ್ಟರಲ್ಲಿ ರಸ್ತೆ ಖಾಲಿ. ಅಳು ಬರಲಿಲ್ಲ. ನನ್ನ ದಾರಿ ನೋಡುವವರು ಯಾರೂ ಇಲ್ಲವೆಂದು ನಾನು ಅಂದುಕೊಂಡದ್ದೇ ನಿಜವಾಯಿತಲ್ಲ ಎಂಬ ತಣ್ಣನೆಯ ಯೋಚನೆ ಮಾತ್ರ ಬಂತು. ಒಂಬತ್ತು ವರ್ಷದ ಹುಡುಗಿಗೆ ಬರಬಾರದ ಯೋಚನೆ ಅದು.

ಆದದ್ದು ಇಷ್ಟು. ಉಳಿದ ಪುಸ್ತಕಗಳಿಗೆ ಧೂಳು ಕೂರದಿರಲೆಂದು ಮಾವಶಿ ಹಿಂದಿನ ಸೀಟಿನ ಗಂಟಿನ ಮೇಲೆ ನನ್ನ ಶಾಲು ಹೊದಿಸಿದ್ದರು. ಕನ್ನಡಿಯಲ್ಲಿ ಅದನ್ನು ಕಂಡ ಅಪ್ಪ, ದಿನದ ಹಾಗೆ ನಾನೇ ಮಲಗಿದ್ದೇನೆ ಅಂದುಕೊಂಡ. ಆ ಮೂರು ಹಾರನ್ ಕೂಡ ನನಗಲ್ಲ. ಮಕ್ಕಳಿಗೆ ಸಹಿ ಹಾಕುತ್ತ ತಡಮಾಡಿದ ಮಾವಶಿಗೆ.

ಬಿಸಿಲು ಗೋಡೆ ಇಳಿಯುವ ಮೊದಲೇ ವ್ಯಾನು ತಿರುಗಿ ಬಂತು. ದಾರಿಯ ಚಹಾದಂಗಡಿಯಲ್ಲಿ ನನ್ನನ್ನು ಎಬ್ಬಿಸಲು ಶಾಲು ಎತ್ತಿದಾಗ ಗೊತ್ತಾಗಿ, ಇಬ್ಬರನ್ನೂ ಅಲ್ಲೇ ಇಳಿಸಿ ಅಪ್ಪ ಒಬ್ಬನೇ ಬಂದಿದ್ದ.

"ಮೂರು ಸಲ ಹಾರನ್ ಹೊಡದ್ನಲ್ಲ, ಕೇಳಲಿಲ್ಲೇನ?"

"ಕೇಳ್ತು."

"ಮತ್ತ?"

"ನೀ ಇಳದು ಹುಡಕ್ಕೋತ ಬರ್ತಿ ಅಂತ ಕುಂತಿದ್ದೆ."

ಅಪ್ಪ ಹೊಡೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡ. "ನಿಮ್ಮವ್ವ ಇದ್ದಿದ್ರ ಹಿಂದ ಹೊಳ್ಳಿ ನೋಡ್ತಿದ್ಳು. ನನಗ ಇದೆಲ್ಲಾ ತಿಳ್ಯಾಂಗಿಲ್ಲವ್ವ" ಎಂದ.

ಅಂದಿನಿಂದ, ಕೇಳದೆ ಅಪ್ಪ ಗಾಡಿ ಹೊರಡಿಸಿದ್ದಿಲ್ಲ. "ಕಾಶೀ, ಕುಂತ್ಯೇನ?" ನಾನು "ಕುಂತೀನಿ" ಎನ್ನಬೇಕು, ಆಮೇಲೆ ಗೇರು. ಕಾಲೇಜಿಗೆ ಹೋಗುವಾಗ ಪಕ್ಕದ ಸೀಟಿನಲ್ಲೇ ಇರುತ್ತಿದ್ದೆ, ಆಗಲೂ ಕೇಳುತ್ತಿದ್ದ. ಗೆಳತಿಯರ ಮುಂದೆ ನಾಚಿಕೆಯಾಗಿ, "ಕಣ್ಣ ಕಾಣಂಗಿಲ್ಲೇನಪ್ಪಾ?" ಎಂದು ಸಿಡುಕುತ್ತಿದ್ದೆ. ಅಪ್ಪ ಕಾಯುತ್ತಿದ್ದ. ನಾನು ಅನ್ನುವ ತನಕ ಗಾಡಿ ನಿಂತೇ ಇರುತ್ತಿತ್ತು.

ಅಪ್ಪ ಹೋಗಿ ಎರಡು ವರ್ಷವಾಯಿತು. ಹೋದ ತಿಂಗಳು ನಾಶಿಕದ ಗ್ರಂಥಾಲಯವೊಂದರಲ್ಲಿ ಕಾಕಾರ ಪುಸ್ತಕ ಸಿಕ್ಕಿತು. ಆ ಹಾಡೂ ಇತ್ತು. ಹೆಸರಿನ ಜಾಗದಲ್ಲಿ ಬರೀ ಚುಕ್ಕೆಗಳ ಗೆರೆ. ನಿಮ್ಮ ಹೆಸರು ಬರೆದುಕೊಳ್ಳಿ ಎಂದು ಕೆಳಗೆ ಸೂಚನೆ. ಎಷ್ಟು ಮಕ್ಕಳು ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದರೋ, ಕಾಗದ ಅಲ್ಲಿ ತೆಳ್ಳಗಾಗಿತ್ತು. ಪೆನ್ನು ತೆಗೆದೆ. ಕಾಶಿ ಎಂದು ಬರೆಯಲು ಮನಸ್ಸಾಗಲಿಲ್ಲ. ಅಪ್ಪ ಎಂದು ಬರೆದೆ. ಅದೂ ಎರಡಕ್ಷರ, ಕೂತಿತು.

ಹೊರಗೆ ಬಂದು ಆಟೊ ಹತ್ತಿದೆ. ಡ್ರೈವರ್ ಹಿಂದೆ ನೋಡದೆಯೇ ಹೊರಡಿಸಿಬಿಟ್ಟ. ಯಾರೂ ಕೇಳದಿದ್ದರೂ ನಾನು "ಕುಂತೀನಿ" ಎಂದೆ.