ಚೆಕ್ಕಿಂಗಮ್ಮನ ಓದುಗರು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರೆಲ್ಲ ಬಾಯಲ್ಲಿ ಹೇಳುತ್ತದೆ. ಚೆಕ್ಕಿಂಗಮ್ಮ ಹಾಲನ್ನೂ ನಂಬಿದವಳಲ್ಲ. ಪಾಕೀಟು ಮನೆಗೆ ಬಂದರೆ ಅಲ್ಲಾಡಿಸಿ ನೋಡುತ್ತಿದ್ದಳು, ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಕಾಯಿಸಿದ ಮೇಲೆ ಕೆನೆಯನ್ನು ಚಮಚದಲ್ಲಿ ಎತ್ತಿ "ಹೂಂ" ಎನ್ನುತ್ತಿದ್ದಳು. ಆ ಹೂಂಕಾರದಲ್ಲಿ ಒಪ್ಪಿಗೆಯಿದೆಯೋ ದೂರಿದೆಯೋ ಹೆತ್ತ ಮಗನಿಗೂ ಗೊತ್ತಾಗುತ್ತಿರಲಿಲ್ಲ.

ಹೆಸರು ಬಂದದ್ದು ಕೆಲಸದಿಂದ. ಸಿದ್ಧ ಉಡುಪಿನ ಕಾರ್ಖಾನೆಯ ಚೆಕ್ಕಿಂಗ್ ಮೇಜಿನಲ್ಲಿ ಅವಳ ಅರ್ಧ ಆಯುಷ್ಯ ಕಳೆಯಿತು. ಹೊಲಿದು ಬಂದ ಅಂಗಿಗಳನ್ನು ಒಳಮಗ್ಗುಲು ಹೊರಗೆ ಮಾಡಿ, ಬಿಟ್ಟುಹೋದ ಹೊಲಿಗೆ, ಸಡಿಲ ಗುಂಡಿ, ವಾರೆಯಾದ ಕಾಜಗಳನ್ನು ಹಿಡಿಯುವುದು ಆ ಮೇಜಿನವರ ಕೆಲಸ. ಆದರೆ ತಪ್ಪು ಹಿಡಿಯುವವರ ತಪ್ಪು ಹಿಡಿಯುವವರು ಯಾರು? ಅದಕ್ಕೂ ಅಲ್ಲಿ ಒಂದು ಉಪಾಯವಿತ್ತು. ಮೇಲ್ವಿಚಾರಕ ಬೇಕೆಂದೇ ಕೆಡಿಸಿದ ಒಂದು ಅಂಗಿಯನ್ನು ರಾಶಿಯೊಳಗೆ ಸದ್ದಿಲ್ಲದೆ ಸೇರಿಸಿಬಿಡುತ್ತಿದ್ದ. ಅದಕ್ಕೆ 'ಕಳ್ಳಪೀಸು' ಎಂದು ಹೆಸರು. ಅದು ಯಾರ ಕೈದಾಟಿ ಹೋಗುತ್ತದೋ ಅವರು ಕಣ್ಣು ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಾರೆ ಎಂದರ್ಥ. ಚೆಕ್ಕಿಂಗಮ್ಮನ ಕೈದಾಟಿ ಒಂದು ಕಳ್ಳಪೀಸೂ ಹೋಗಲಿಲ್ಲ.

ಮಂಡಿ ಕೈಕೊಟ್ಟು ಕೆಲಸ ಬಿಟ್ಟ ಮೇಲೆ ಮೇಜು ಹೋಯಿತು, ಕಣ್ಣು ಮಾತ್ರ ಉಳಿಯಿತು. ಕಾರ್ಖಾನೆಯಲ್ಲಿ ಹೊಗಳಿಸಿಕೊಂಡ ಕಣ್ಣು ಮನೆಯಲ್ಲಿ ಎಲ್ಲರ ತಲೆನೋವಾಯಿತು. ಮಗ ತಂದ ತರಕಾರಿ, ಸೊಸೆ ಮಡಿಸಿಟ್ಟ ಬಟ್ಟೆ, ಪಕ್ಕದ ಮನೆಯವರ ನಗು, ಒಂದೊಂದರ ಒಳಮಗ್ಗುಲನ್ನೂ ಅವಳು ನೋಡಬೇಕು. ಒಡಹುಟ್ಟಿದ ತಂಗಿಯ ಮಗಳ ಮದುವೆ ಉಡುಪನ್ನು ನೆಂಟರೆದುರು ತಿರುವಿಹಾಕಿ, "ಇದು ಒಂದು ಒಗೆತಕ್ಕೆ ಬರಲ್ಲ" ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ತಂಗಿ ಮತ್ತೆ ಈ ಮನೆಯ ಮೆಟ್ಟಿಲು ಹತ್ತಲಿಲ್ಲ.

ಬ್ಲಾಗಿನ ಮಾತು ತೆಗೆದವಳು ಸೊಸೆ. ಅವಳು ಕಣ್ಣಿನ ಆಸ್ಪತ್ರೆಯೊಂದರಲ್ಲಿ ಬಂದವರಿಗೆ ಚೀಟಿ ಕೊಟ್ಟು ಕೂರಿಸುವ ಕೆಲಸದಲ್ಲಿದ್ದಳು, ತಾಳ್ಮೆ ಅವಳಿಗೆ ಸಂಬಳದ ಜೊತೆಗೇ ಬಂದದ್ದು. ಬಟ್ಟೆ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ ಅತ್ತೆ, ಬೇಕಾದವರು ಓದುತ್ತಾರೆ ಎಂದು ತನ್ನ ಹಳೆಯ ಫೋನನ್ನು ಕೈಗಿತ್ತಳು. ಚೆಕ್ಕಿಂಗಮ್ಮನಿಗೆ ತಕ್ಷಣ ಅನುಮಾನ ಬಂತು. ಹಳೆಯ ಫೋನಾದರೂ ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಅಡುಗೆಮನೆಯಿಂದ ತನ್ನನ್ನು ಓಡಿಸುವ ಹೂಟ ಇದು ಎಂದುಕೊಂಡಳು. ನಿಜ ಹೇಳಬೇಕೆಂದರೆ ಅದರಲ್ಲಿ ಸ್ವಲ್ಪ ಹುರುಳೂ ಇತ್ತು.

ಆದರೂ ಬರೆದಳು. ಬ್ಲಾಗಿಗೆ 'ಒಳಮಗ್ಗುಲು' ಎಂದು ಹೆಸರಿಟ್ಟಳು. ಅಂಗಡಿಯಲ್ಲಿ ಅಂಗಿಯ ಕಾಲರ್ ನೋಡಬೇಡಿ, ಕಂಕುಳು ನೋಡಿ ಎಂಬುದು ಮೊದಲ ಬರಹ. ಗುಂಡಿ ಎಳೆದು ನೋಡಲು ನಾಚಿಕೆಪಟ್ಟರೆ ಮನೆಯಲ್ಲಿ ಹೊಲಿಯುತ್ತ ಕೂರಬೇಕಾಗುತ್ತದೆ ಎಂಬುದು ಎರಡನೆಯದು. ಮೊದಮೊದಲು 'ಮೂರನೇ ಮಹಡಿ' ಎಂಬ ಹೆಸರಿನವರೊಬ್ಬರು ಮಾತ್ರ ಓದಿ ಚೆನ್ನಾಗಿದೆ ಎನ್ನುತ್ತಿದ್ದರು. ಆಮೇಲೆ ಯಾರೋ ಹಂಚಿಕೊಂಡರು, ಯಾರೋ ಇನ್ಯಾರಿಗೋ ಕಳಿಸಿದರು, ಓದುವವರ ಸಾಲು ಬೆಳೆಯಿತು. 'ಗುಂಡಿ ತಾತ' ಎಂಬವರು ಬೆಳಗಾದರೆ ಹಾಜರು. 'ಹಳದಿ ಕೊಡೆ' ಎಂಬ ಹೆಂಗಸು ಪ್ರತಿ ಬರಹಕ್ಕೂ ಒಂದು ಪ್ರಶ್ನೆ ಕೇಳುತ್ತಿದ್ದಳು.

ಕೇಳುವವರಿದ್ದರೆ ಹೇಳುವವರ ದನಿಯೇ ಬೇರೆ. ಮನೆಯಲ್ಲಿ ಕೊಂಕಾಗಿದ್ದ ಮಾತು ಬ್ಲಾಗಿನಲ್ಲಿ ತಿಳಿವಳಿಕೆಯಾಯಿತು. ಬೆಳಗ್ಗೆ ಎದ್ದು ತಲೆ ಬಾಚಿಕೊಂಡು, ಕಿಟಕಿಯ ಬಳಿ ಕೂತು, ಕನ್ನಡಕ ಒರೆಸಿಕೊಂಡು ಉತ್ತರ ಬರೆಯುವುದು ಅವಳ ಹೊಸ ಪಾಳಿಯಾಯಿತು. ಕೆನೆ ಎತ್ತಿ ನೋಡುವುದು ಮರೆತೇಹೋಯಿತು. ಮಗ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಓಡುವುದನ್ನು ಬಿಟ್ಟು ಅಮ್ಮನ ಜೊತೆ ಕೂರತೊಡಗಿದ. ಬಟ್ಟೆ ಅಂಗಡಿಯಲ್ಲಿ ಅಂಗಿಯ ಕಂಕುಳು ತಿರುವಿ ನೋಡುತ್ತಿದ್ದವಳ ಹತ್ತಿರ ಒಬ್ಬ ಹುಡುಗಿ ಬಂದು, ನೀವು ಒಳಮಗ್ಗುಲು ಅಮ್ಮ ಅಲ್ಲವೇ ಎಂದು ಕೇಳಿದಾಗ, ಚೆಕ್ಕಿಂಗಮ್ಮ ಇಡೀ ದಾರಿ ಮಂಡಿನೋವನ್ನು ಮರೆತು ನಡೆದಳು. ಇಷ್ಟು ಸುಖ ಅವಳಿಗೆ ಎಂದೂ ಸಿಕ್ಕಿರಲಿಲ್ಲ.

ಸಿಕ್ಕಿರಲಿಲ್ಲವಾದ್ದರಿಂದಲೇ ಅನುಮಾನವೂ ಬಂತು. ಅನುಮಾನ ಅನ್ನುವುದು ಗೋಡೆಯ ತೇವದ ಹಾಗೆ, ಸುಣ್ಣ ಬಳಿದಷ್ಟೂ ಹೊರಗೆ ಬರುತ್ತದೆ. ತನ್ನನ್ನು ಮನೆಯವರೇ ಸಹಿಸುವುದಿಲ್ಲ, ಊರವರೇಕೆ ಇಷ್ಟು ಮೆಚ್ಚುತ್ತಾರೆ? ಕಾಮೆಂಟುಗಳು ಹೆಚ್ಚಾಗಿ ಬರುವುದು ಸೊಸೆಯ ಊಟದ ಬಿಡುವಿನಲ್ಲೇ ಏಕೆ? ಸೊಸೆ ಫೋನು ನೋಡಿ ನಗುವುದೇಕೆ, ತಾನು ಹೋದರೆ ಅದನ್ನು ಬೋರಲು ಇಡುವುದೇಕೆ? ಹೀಗಿರುವಾಗ ಒಂದು ಸಂಜೆ ಅಡುಗೆಮನೆಯಲ್ಲಿ ಸೊಸೆ ಗಂಡನಿಗೆ ಹೇಳಿದ್ದು ಕಿವಿಗೆ ಬಿತ್ತು. "ಮೂರನೇ ಮಹಡಿ ಯಾರು ಅಂತ ಅತ್ತೆಗೆ ಯಾವತ್ತೂ ಗೊತ್ತಾಗಬಾರದು."

ಚೆಕ್ಕಿಂಗಮ್ಮ ಬಂದ ಹೆಜ್ಜೆಯಲ್ಲೇ ಹಿಂದಿರುಗಿದಳು. ಹಾಗಾದರೆ ಮೂರನೇ ಮಹಡಿ ಇವಳೇ. ಒಂದು ಹೆಸರು ಇವಳದಾದರೆ ಉಳಿದ ಹೆಸರುಗಳು ಯಾರವು? ಗುಂಡಿ ತಾತನೂ ಇವಳೇ, ಹಳದಿ ಕೊಡೆಯೂ ಇವಳೇ ಆಗಿದ್ದರೆ? ಅಂಗಡಿಯ ಆ ಹುಡುಗಿಯನ್ನೂ ಇವಳೇ ಹೇಳಿ ಕಳಿಸಿದ್ದರೆ? ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟಂತೆ ತನಗೊಂದು ಊರನ್ನೇ ಕಟ್ಟಿ ಕೊಟ್ಟಿದ್ದಾಳೆಯೇ? ಕೇಳಿದರೆ ಯಾರಾದರೂ ಹೌದು ಅನ್ನುತ್ತಾರೆಯೇ? ಪರೀಕ್ಷೆ ಮಾಡಬೇಕು. ಪರೀಕ್ಷೆಗೆ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ.

ಮರುದಿನ ಬ್ಲಾಗಿನಲ್ಲಿ ಒಂದು ಕಳ್ಳಪೀಸು ಇಟ್ಟಳು. ಹಳೆಯ ಉಣ್ಣೆ ಕೋಟು ಒರಟಾಗಿದ್ದರೆ ಚೆನ್ನಾಗಿ ಬಿಸಿಯಿರುವ ನೀರಿನಲ್ಲಿ ನೆನೆಸಿ, ಎರಡೂ ಕೈಯಲ್ಲಿ ಉಜ್ಜಿ ಒಗೆಯಿರಿ, ಹೊಸದರಂತೆ ಮೆತ್ತಗಾಗುತ್ತದೆ ಎಂದು ಬರೆದಳು. ಹಾಗೆ ಮಾಡಿದರೆ ಉಣ್ಣೆ ಕುಗ್ಗಿ ಹಲಗೆಯಾಗುತ್ತದೆ, ಬಟ್ಟೆ ಬಲ್ಲವರು ಯಾರೇ ಓದಿದರೂ ಬೊಬ್ಬೆ ಹಾಕಬೇಕು. ಓದುಗರು ನಿಜವಾಗಿದ್ದರೆ ಒಬ್ಬರಾದರೂ ತಪ್ಪು ಅನ್ನುತ್ತಾರೆ. ಎಲ್ಲ ಸೊಸೆಯ ಆಟವಾಗಿದ್ದರೆ ಯಾರೂ ಅನ್ನುವುದಿಲ್ಲ, ಅವಳಿಗೆ ಉಣ್ಣೆಯೂ ಒಂದೇ ಗೋಣಿಯೂ ಒಂದೇ. ಹೀಗೆ ಲೆಕ್ಕ ಹಾಕಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು.

ಯಾರೂ ತಪ್ಪು ಅನ್ನಲಿಲ್ಲ. ಗುಂಡಿ ತಾತ ಬಹಳ ಉಪಯೋಗವಾಯಿತು ಎಂದರು. ಹಳದಿ ಕೊಡೆ, ನಮ್ಮ ಮನೆಯಲ್ಲೂ ಒಂದು ಕೋಟಿದೆ, ನೋಡುತ್ತೇನೆ ಎಂದಳು. ಕೈಮುಗಿದ ಚಿತ್ರ, ಹೂವಿನ ಚಿತ್ರ ಸಾಲುಗಟ್ಟಿದವು. ಚೆಕ್ಕಿಂಗಮ್ಮ ಒಂದೊಂದು ಹೂವನ್ನೂ ಎಣಿಸಿದಳು. ಬರೆಯುವುದನ್ನು ನಿಲ್ಲಿಸಿದಳು, ಫೋನನ್ನು ಸೊಸೆಯ ಮುಂದೆ ಕುಕ್ಕಿ, ಮೂರನೇ ಮಹಡಿ ನೀನೇ ತಾನೇ ಎಂದಳು.

ಸೊಸೆ ತಲೆ ತಗ್ಗಿಸಿ ಒಪ್ಪಿಕೊಂಡಳು. ಶುರುವಿನಲ್ಲಿ ಯಾರೂ ಓದುತ್ತಿರಲಿಲ್ಲ, ನೀವು ಬೇಸರಪಟ್ಟುಕೊಂಡು ಬಿಟ್ಟುಬಿಡುತ್ತೀರಿ ಅಂತ ಆ ಒಂದು ಹೆಸರಿನಲ್ಲಿ ಬರೆದೆ, ಮಿಕ್ಕವರು ಯಾರೋ ನನಗೂ ಗೊತ್ತಿಲ್ಲ ಎಂದಳು. ಸಿಕ್ಕಿಬಿದ್ದ ಕಳ್ಳರೆಲ್ಲ ತಾವು ನುಗ್ಗಿದ್ದು ಒಂದೇ ಮನೆಗೆ ಅಂತಲೇ ಹೇಳುವುದು ಎಂದು ಚೆಕ್ಕಿಂಗಮ್ಮ ಎದ್ದುಹೋದಳು. ಮತ್ತೆ ಹಾಲು ಬೆಳಕಿಗೆ ಹಿಡಿಯುವುದು ಶುರುವಾಯಿತು. ಮಗ ತಟ್ಟೆ ಹಿಡಿದು ಟಿವಿ ಮುಂದೆ ಹೋದ.

ಆ ವಾರದ ಕೊನೆಗೆ, ಆಗಲೂ ಸೊಸೆಯ ಸುಳ್ಳನ್ನು ಹಿಡಿಯಲೆಂದೇ, ಚೆಕ್ಕಿಂಗಮ್ಮ ಫೋನು ಎತ್ತಿಕೊಂಡು ಬ್ಲಾಗು ತೆರೆದಳು. ಹಳದಿ ಕೊಡೆಯ ಸಂದೇಶವೊಂದು ಕಾದಿತ್ತು. ಜೊತೆಗೆ ಒಂದು ಕೋಟಿನ ಚಿತ್ರ. ದೊಡ್ಡ ಗಂಡಸಿನ ಕೋಟು ಮುದುಡಿ ಮುರುಟಿ, ತೋಳುಗಳು ಮೊಣಕೈವರೆಗೆ ಬಂದು ನಿಂತಿದ್ದವು. "ಅಮ್ಮಾ, ಇದು ನಮ್ಮ ತಂದೆಯವರ ಕೋಟು. ಅವರು ಹೋದ ಮೇಲೆ ಚಳಿಗೆ ನಾನೇ ಹಾಕ್ಕೋತಿದ್ದೆ. ನೀವು ಹೇಳಿದ ಹಾಗೇ ಒಗೆದೆ. ನಾನೇ ಎಲ್ಲೋ ತಪ್ಪು ಮಾಡಿರಬೇಕು. ಎಲ್ಲಿ ಅಂತ ಹೇಳ್ತೀರಾ?"

ಚೆಕ್ಕಿಂಗಮ್ಮ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಮೋಸವಿದ್ದೀತು ಎಂದು ಹುಡುಕಿದಳು. ಮೋಸವಿರಲಿ ಎಂದು ಬೇಡಿಕೊಂಡಳು ಅಂದರೂ ತಪ್ಪಲ್ಲ. ಆದರೆ ಹಾಗೆ ಗಂಟುಗಟ್ಟಿದ ಉಣ್ಣೆಯನ್ನು ಸೊಸೆಯೇನು, ಯಾರೂ ಆಟಕ್ಕೆ ಮಾಡಲಾರರು. ಹಳದಿ ಕೊಡೆ ನಿಜ. ಗುಂಡಿ ತಾತನೂ ನಿಜ. ಎಲ್ಲರೂ ನಿಜ, ಎಲ್ಲರೂ ಅವಳನ್ನು ನಂಬಿದ್ದರು, ಕಳ್ಳಪೀಸು ಕೈದಾಟಿ ಹೋದದ್ದು ಅದಕ್ಕೇ. ನಂಬಿದವರಿಗೂ ಕಣ್ಣು ಕಾಣದವರಿಗೂ ವ್ಯತ್ಯಾಸವಿದೆ ಎಂಬುದು ಇಷ್ಟು ವರ್ಷದ ಚೆಕ್ಕಿಂಗಿನಲ್ಲಿ ಅವಳಿಗೆ ಹೊಳೆದೇ ಇರಲಿಲ್ಲ.

ನೀರು ಜಾಸ್ತಿ ಬಿಸಿಯಾಯಿತೇನೋ ತಾಯಿ ಎಂದು ಒಂದು ಮಾತು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಹೆಂಗಸು ಅದನ್ನೂ ನಂಬುತ್ತಿದ್ದಳು. ನಿಜ ಹೇಳಿದರೆ ಮಾತ್ರ ಇದ್ದಬದ್ದ ಓದುಗರೂ ಹೋಗುತ್ತಾರೆ, ಕಿಟಕಿಯ ಬಳಿಯ ಬೆಳಗು ಹೋಗುತ್ತದೆ, ಮತ್ತೆ ತಾನೂ ಹಾಲಿನ ಕೆನೆಯೂ ಇಬ್ಬರೇ. ಚೆಕ್ಕಿಂಗಮ್ಮ ಕನ್ನಡಕ ಒರೆಸಿಕೊಂಡಳು. ಆಮೇಲೆ ಎಲ್ಲರಿಗೂ ಕಾಣುವಂತೆ ಬರೆದಳು. "ಉಣ್ಣೆಯ ಬಗ್ಗೆ ನಾನು ಬರೆದದ್ದು ಸುಳ್ಳು. ಗೊತ್ತಿದ್ದೇ ಬರೆದೆ. ನೀವೆಲ್ಲ ಇದ್ದೀರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಹಳದಿ ಕೊಡೆಯವರು ಯಾವ ತಪ್ಪೂ ಮಾಡಿಲ್ಲ. ಆ ಕೋಟನ್ನು ನನಗೆ ಕಳಿಸಿದರೆ ಕೈಲಾದದ್ದು ಮಾಡುತ್ತೇನೆ."

ಬೈಗುಳ ಬಂತು, ಬರಬೇಕಾದದ್ದೇ. ಎಷ್ಟೋ ಜನ ಬಿಟ್ಟುಹೋದರು. ಗುಂಡಿ ತಾತ, ನನಗೂ ಸಂಶಯ ಬಂದಿತ್ತು, ನೀವು ಹೇಳಿದ್ದಲ್ಲವೇ ಅಂತ ಸುಮ್ಮನಾದೆ ಎಂದು ಬರೆದು, ಮರುದಿನ ಬೆಳಗ್ಗೆ ಎಂದಿನಂತೆ ಹಾಜರಾದರು. ಹಳದಿ ಕೊಡೆಯಿಂದ ಒಂದು ಮಾತೂ ಇಲ್ಲ. ಬಂದದ್ದು ನೇರ ಪಾರ್ಸಲ್ಲು. ಚೆಕ್ಕಿಂಗಮ್ಮ ಅದನ್ನು ಅಲ್ಲಾಡಿಸಿ ನೋಡಲಿಲ್ಲ, ನೇರ ಕತ್ತರಿ ಹಾಕಿ ಬಿಚ್ಚಿದಳು. ಒಳಗೆ ಕೋಟು ಬಿಟ್ಟರೆ ಇನ್ನೇನೂ ಇರಲಿಲ್ಲ.

ಕುಗ್ಗಿದ ಉಣ್ಣೆಯನ್ನು ಮತ್ತೆ ಹಿಗ್ಗಿಸಲು ಬರುವುದಿಲ್ಲ. ಅದಕ್ಕಿರುವುದು ಒಂದೇ ಗುಣ, ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುವುದಿಲ್ಲ. ಅವಳು ಎರಡೂ ತೋಳು ಬಿಚ್ಚಿ, ಆ ಬಟ್ಟೆಯನ್ನು ಪಕ್ಕೆಗಳಿಗೆ ಕೂಡಿಸಿ ಅಗಲ ಮಾಡಿ, ತೋಳಿಲ್ಲದ ಬೆಚ್ಚನೆಯ ಒಂದು ಜಾಕೀಟು ಹೊಲಿದಳು. ತಂದೆಯ ಗುಂಡಿಗಳನ್ನು ಇದ್ದ ಜಾಗದಲ್ಲೇ ಬಿಟ್ಟಳು. ಮುಗಿಸಿ ಮಡಿಸುವ ಹೊತ್ತಿಗೆ ಆಸ್ಪತ್ರೆಯಿಂದ ಬಂದ ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಯಿ ತೆರೆದಳು, ಮುಚ್ಚಿದಳು.

"ಏನೋ ಹೇಳಬೇಕು ಅಂತಿದ್ದೀಯ," ಎಂದಳು ಚೆಕ್ಕಿಂಗಮ್ಮ.

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋರ ಹತ್ರಾನೇ ಏನೋ ಇರೋದು. ಹೇಳು."

ಸೊಸೆ ಅಂಜುತ್ತಲೇ ಹತ್ತಿರ ಬಂದು ಜಾಕೀಟನ್ನು ಒಳಮಗ್ಗುಲು ಹೊರಗೆ ಮಾಡಿ, ಎಡ ಕಂಕುಳಲ್ಲಿ ಬೆರಳಿಟ್ಟಳು. "ಇಲ್ಲಿ ಎಳೀತಿದೆ. ಕೈ ಎತ್ತಿದ್ರೆ ಹೊಲಿಗೆ ಬಿಡುತ್ತೆ."

ಬಿಡುತ್ತಿತ್ತು. ಚೆಕ್ಕಿಂಗಮ್ಮನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಇದೆಲ್ಲ ನಿನಗೆ ಯಾವಾಗ ಬಂತು ಎಂದು ಕೇಳಿದಳು. ನೀವು ಬರೆದದ್ದು ಒಂದೂ ಬಿಡದೆ ಓದಿದ್ದೇನಲ್ಲ ಎಂದಳು ಸೊಸೆ. ಚೆಕ್ಕಿಂಗಮ್ಮನ ತಲೆಯಲ್ಲಿ ಮತ್ತೆ ಆ ಹಳೆಯ ಹುಳ ಹೊರಳಿತು.

"ಹಾಗಾದ್ರೆ ಬಿಸಿನೀರಿನ ವಿಷಯ?"

"ತಪ್ಪು ಅಂತ ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಸೊಸೆ ಅತ್ತೆಯ ಮುಖ ನೋಡಲಿಲ್ಲ. "ನಿಮಗೆ ತಪ್ಪು ಅಂತ ಈ ಮನೇಲಿ ಯಾರು ಹೇಳ್ತಾರೆ ಅತ್ತೆ? ನಿಮ್ಮ ಮಗನೂ ಹೇಳಲ್ಲ. ಹೆದರಿಕೆ ಆಯ್ತು."

ಚೆಕ್ಕಿಂಗಮ್ಮನಿಗೆ ಅಳು ಬಂತು, ಬಂದದ್ದನ್ನು ತಡೆಯಲೂ ಇಲ್ಲ. ಇವಳೊಬ್ಬಳಿಗೆ ಧೈರ್ಯವಿದ್ದಿದ್ದರೆ ಆ ಕೋಟು ಇಡಿಯಾಗಿ ಉಳಿಯುತ್ತಿತ್ತು. ಆ ಧೈರ್ಯವನ್ನು ದಿನದಿನವೂ ಒಂದೊಂದು ಹೂಂಕಾರದಿಂದ ಕಿತ್ತವಳು ತಾನೇ. ಎಡ ಕಂಕುಳಿನ ಹೊಲಿಗೆಯನ್ನು ತಾನೇ ಬಿಚ್ಚಿದಳು, ಸೂಜಿಗೆ ದಾರ ಪೋಣಿಸಿ ಸೊಸೆಯ ಕೈಗೆ ಕೊಟ್ಟಳು, ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.

"ಹೊಲಿ. ಹೊಲೀತಾ ಹೇಳು, ಇನ್ನೇನೇನು ಗೊತ್ತಿದ್ದೂ ಸುಮ್ಮನಿದ್ದೀಯ?"

"ಹೇಳ್ತಾ ಹೋದ್ರೆ ಬೆಳಗಾಗುತ್ತೆ ಅತ್ತೆ."

"ಆಗ್ಲಿ," ಎಂದಳು ಚೆಕ್ಕಿಂಗಮ್ಮ.